ಕುರಿ ತಿರುಗಿಸಿದ ಹೊಲಿಗೆ ಮೋಟರ್

ಹಳೆಯ ಸ್ಪೀಕರಿನಿಂದ ಕಿತ್ತ ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿಕೊಂಡು ಜುಲ್ಮಾ ಬಿಳಿ ನಿಲುವಂಗಿಯ ಮೇಲೆ ಮೆಲ್ಲಗೆ ಆಡಿಸುತ್ತಿದ್ದಳು. ಭುಜದಿಂದ ತೋಳಿಗೆ, ತೋಳಿನಿಂದ ಜೇಬಿಗೆ. ಜೇಬಿನ ಮೂಲೆಗೆ ಬಂದಾಗ ಕೈ ತಡೆದು ನಿಲ್ಲುತ್ತಿತ್ತು. ಹಿತ್ತಲಿನಿಂದ ಹಾರಿಬರುವ ಕಬ್ಬಿಣದ ಪುಡಿ ಅಡಗಿ ಕೂರುವುದು ಹೊಲಿಗೆಯ ಸಂದಿಯಲ್ಲೇ. ಒಂದು ಅಂಗಿ ಮುಗಿಯುವಷ್ಟರಲ್ಲಿ ಬಟ್ಟೆಯ ಗಂಟಿಗೆ ಕಪ್ಪು ಗಡ್ಡ ಬೆಳೆದಿರುತ್ತಿತ್ತು. ಅದನ್ನು ಕಸದ ಡಬ್ಬಿಯ ಮೇಲೆ ಬಿಚ್ಚಿ ಕೊಡವಿ, ಮತ್ತೆ ಸುತ್ತಿ, ಮುಂದಿನ ಅಂಗಿ ಎತ್ತಿಕೊಳ್ಳುತ್ತಿದ್ದಳು. ಒಂದು ಕಣ ಉಳಿದರೂ ಇಬ್ಬನಿಗೆ ತುಕ್ಕಿನ ಚುಕ್ಕೆ ಎದ್ದುಬಿಡುತ್ತದೆ. ತುಕ್ಕಿನ ಚುಕ್ಕೆ ಇರುವ ಬಿಳಿ ಅಂಗಿಯನ್ನು ಯಾವ ತಾಯಿ ಮಗುವಿಗೆ ತೊಡಿಸಿ ಶಾಲೆಗೆ ಕಳಿಸುತ್ತಾಳೆ?

ಅಡಿಗೆಮನೆಯ ಬಾಗಿಲಲ್ಲಿ ಅವಳ ಅಕ್ಕ ಒಡಿಲಾ ಸೊಪ್ಪು ತೊಳೆಯುತ್ತಿದ್ದಳು. ಇಬ್ಬರೂ ಮಾತಾಡಲಿಲ್ಲ. ಹಿತ್ತಲಿನ ಶೆಡ್ಡಿನ ಬಾಗಿಲಿಗೆ ಇನ್ನೂ ಬೀಗವಿತ್ತು. ಈ ಮನೆಯಲ್ಲಿ ಕಿವಿಗೆ ಬಿಡುವು ಸಿಗುವುದು ಈ ಒಂದು ಹೊತ್ತಿನಲ್ಲಿ ಮಾತ್ರ. ಅದನ್ನು ಮಾತಾಡಿ ಹಾಳುಮಾಡುವಷ್ಟು ದಡ್ಡರು ಇಬ್ಬರಲ್ಲಿ ಯಾರೂ ಆಗಿರಲಿಲ್ಲ.

ಶೆಡ್ಡು ಅಕ್ಕನ ಗಂಡ ಎಲ್ವಿಯೊನದು. ಸಾಂತಾ ಫೆ ಬಯಲಿನ ಆ ಊರಿನಲ್ಲಿ ಶೆಡ್ಡಿಲ್ಲದ ಮನೆಯೇ ಇಲ್ಲ. ವಾರವೆಲ್ಲ ಕಾರ್ಖಾನೆಯಲ್ಲಿ ಗೋಧಿ ಕೊಯ್ಯುವ ಯಂತ್ರ ಮಾಡುವ ಗಂಡಸರು ಸಂಜೆ ಮನೆಗೆ ಬಂದು, ಕೈ ತೊಳೆದು, ಮಾಟೆ ಎಲೆಯ ಕಷಾಯ ಕುಡಿದು, ಮತ್ತೆ ಹಿತ್ತಲಿಗೆ ಹೋಗಿ ಕಬ್ಬಿಣವನ್ನೇ ಕುಟ್ಟುತ್ತಾರೆ. ಎಲ್ವಿಯೊ ಮಾತ್ರ ಕಾರ್ಖಾನೆಯವನಲ್ಲ. ಬೀಜ ಮಾರುವ ಸಹಕಾರ ಸಂಘದ ಕೌಂಟರಿನಲ್ಲಿ ಕೂತು ರಶೀದಿಗೆ ಮುದ್ರೆ ಒತ್ತುವವನು. ಅದಕ್ಕೇ ಅವನ ಶೆಡ್ಡು ಬೀದಿಗೆಲ್ಲ ದೊಡ್ಡದು. ಗೋಡೆಯ ಮೇಲೆ ಹಲಗೆ, ಹಲಗೆಯ ಮೇಲೆ ಒಂದೊಂದು ಸ್ಪ್ಯಾನರಿಗೂ ಒಂದೊಂದು ಸುತ್ತಿಗೆಗೂ ಅದರದೇ ಆಕಾರದ ಕೆಂಪು ಗೆರೆ. ಯಾವುದನ್ನು ಎತ್ತಿದರೂ ಗೋಡೆ ಚಾಡಿ ಹೇಳುತ್ತದೆ. ಒಮ್ಮೆ ಒಡಿಲಾ ಬಣ್ಣದ ಡಬ್ಬಿ ಮುಚ್ಚಳ ತೆಗೆಯಲು ಅಲ್ಲಿಂದ ಉಳಿಯೊಂದನ್ನು ತಂದಿದ್ದಳು. ಅವತ್ತಿನಿಂದ ಬೀಗ ಬಿತ್ತು. ಬೀಗದಕೈ ಅವನ ಸೊಂಟಕ್ಕೆ ಸೇರಿತು.

ಅಲ್ಲಿ ಅವನು ಮಾಡಿದ್ದಾದರೂ ಏನು? ಇಟ್ಟಿಗೆಯಷ್ಟು ತೂಕದ ಬಾಟಲಿ ತೆರೆಯುವ ಸಾಧನ. ಕಾಲಿನಿಂದ ಒತ್ತಿದರೆ ತೆರೆದುಕೊಳ್ಳುವ, ಆದರೆ ಮುಚ್ಚಲು ಇಬ್ಬರು ಬೇಕಾಗುವ ಗೇಟು. ಅಕ್ರೋಟು ಒಡೆಯುವ ಯಂತ್ರ ಒಂದಿದೆ. ಒಡೆಯುತ್ತದೆ, ಆದರೆ ತಿರುಳು ಹೋಗಿ ಬೀಳುವುದು ಪಕ್ಕದ ಮನೆಯ ಅಂಗಳದಲ್ಲಿ. ಅಡಿಗೆಮನೆಯ ನಲ್ಲಿ ಮಾತ್ರ ಒಡಿಲಾ ಮದುವೆಯಾಗಿ ಬಂದಾಗಿನಿಂದ ಸೋರುತ್ತಲೇ ಇದೆ. ಕೇಳಿದರೆ, "ವಾಷರ್ ಹಾಕೋದು ಒಂದು ಕೆಲಸಾನಾ?" ಎನ್ನುತ್ತಾನೆ.

ಮನೆಯಲ್ಲಿ ತಿರುಗುವುದೆಲ್ಲ ಒಂದೊಂದಾಗಿ ಶೆಡ್ಡಿಗೆ ನಡೆದಿತ್ತು. ಬಟ್ಟೆ ತೊಳೆಯುವ ಯಂತ್ರದ ಮೋಟರ್ ಸಾಣೆಕಲ್ಲು ತಿರುಗಿಸುತ್ತಿತ್ತು, ಅಕ್ಕ ತಂಗಿ ಕಲ್ಲಿನ ಮೇಲೆ ಬಟ್ಟೆ ಉಜ್ಜುತ್ತಿದ್ದರು. ಮಲಗುವ ಕೋಣೆಯ ಫ್ಯಾನು ಶೆಡ್ಡಿನ ಹೊಗೆಯನ್ನು ಹೊರಗೆ ತಳ್ಳುತ್ತಿತ್ತು, ಆ ಹೊಗೆ ನೇರ ಬಟ್ಟೆ ಒಣಗಿಸುವ ತಂತಿಯ ಮೇಲೆ ಬರುತ್ತಿತ್ತು. ಕೊನೆಗೆ, ಮೊನ್ನೆ ಗುರುವಾರ, ಜುಲ್ಮಾ ಗುಂಡಿ ತರಲು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅವಳ ಹೊಲಿಗೆ ಯಂತ್ರದ ಪಕ್ಕದಲ್ಲಿ ಕೂರುತ್ತಿದ್ದ, ಮುಷ್ಟಿಗಿಂತ ತುಸು ದೊಡ್ಡದಾದ ಮೋಟರ್ ಮಾಯವಾಗಿತ್ತು.

"ಭಾವ, ನನ್ನ ಮೋಟರ್..."

"ನಿನ್ನ ಮೋಟರ್ ಇಲ್ಲೇ ಇದೆ ಕಣೆ, ಎಲ್ಲಿಗೂ ಓಡಿಹೋಗಿಲ್ಲ. ಭಾನುವಾರ ಸಂಜೆ ವಾಪಸ್."

"ಅಂಗಿ ಇನ್ನೂ ಅರ್ಧ ಬಾಕಿ ಇದೆ. ಟೀಚರಿಗೆ ಮಾತು ಕೊಟ್ಟಿದ್ದೀನಿ."

"ಅಲ್ಲಿವರೆಗೆ ಕೈಯಲ್ಲಿ ತಿರುಗಿಸು. ನಿಮ್ಮಜ್ಜಿ ಏನು ಮೋಟರ್ ಇಟ್ಕೊಂಡು ಹೊಲಿದ್ಲಾ?"

ಅಜ್ಜಿ ಕಾಲಿನಿಂದ ತುಳಿದು ಹೊಲಿದಿದ್ದಳು. ಆ ತುಳಿಯುವ ಕಬ್ಬಿಣದ ಸ್ಟ್ಯಾಂಡನ್ನು ಹೋದ ವರ್ಷವೇ ಕಿತ್ತು ಸಾಣೆಕಲ್ಲಿಗೆ ಪೀಠ ಮಾಡಿದ್ದವನು ಇವನೇ. ಜುಲ್ಮಾ ಅದನ್ನು ಹೇಳಲಿಲ್ಲ. ಹೇಳಬೇಕಾದ್ದು ಅವಳಿಗೆ ಯಾವಾಗಲೂ ಹೊಳೆಯುತ್ತಿತ್ತು, ಆದರೆ ನಾಲಿಗೆಯವರೆಗೆ ಬಂದು ಅಲ್ಲೇ ಕೂತುಬಿಡುತ್ತಿತ್ತು. ಏಳನೇ ತರಗತಿಗೆ ಶಾಲೆ ಬಿಟ್ಟು ಅಮ್ಮನ ಪಕ್ಕ ಹೊಲಿಯಲು ಕೂತಾಗಿನಿಂದ ಅವಳ ಬಾಯಿಯಲ್ಲಿ ಹೆಚ್ಚಾಗಿ ಇದ್ದದ್ದು ಗುಂಡುಸೂಜಿ. ಗುಂಡುಸೂಜಿ ಕಚ್ಚಿಕೊಂಡವರು ಮಾತಾಡುವುದು ಕಡಿಮೆ, ನೋಡುವುದು ಹೆಚ್ಚು.

ಮಾತು ಕೊಟ್ಟದ್ದು ಗ್ರಿಸೆಲ್ದಾ ಟೀಚರಿಗೆ. ಮಾರ್ಚಿನಲ್ಲಿ ಶಾಲೆ ತೆರೆಯುತ್ತದೆ. "ಶಾಲೆ ತೆರೆಯೋ ಮುಂಚೆ ಅಷ್ಟೂ ಅಂಗಿ ನನ್ನ ಮೇಜಿನ ಮೇಲೆ ಇದ್ರೆ, ನಮ್ಮನೆ ಮುಂದಿನ ಕೋಣೆ ನಿನ್ನದು. ಹೊಲ್ಕೊಂಡು, ಅಲ್ಲೇ ಇರು. ಇಲ್ಲಾಂದ್ರೆ ಬೇರೆ ಹೊಲಿಯೋರು ಕೇಳ್ತಿದ್ದಾರೆ, ನೋಡು," ಎಂದಿದ್ದರು ಆಕೆ. ಆ ಕೋಣೆಯನ್ನು ಜುಲ್ಮಾ ನೋಡಿ ಬಂದಿದ್ದಳು. ಶಾಲೆಯ ಎದುರು ಒಂದು ಕಿಟಕಿ, ಬಟ್ಟೆ ಹರಡುವಷ್ಟು ಅಗಲದ ಮೇಜು, ಹಿತ್ತಲಿನಲ್ಲಿ ನಿಂಬೆ ಗಿಡ. ಶೆಡ್ಡಿಲ್ಲ. ರಾತ್ರಿ ಮಲಗಿದಾಗ ಅವಳು ಜ್ಞಾಪಿಸಿಕೊಳ್ಳುತ್ತಿದ್ದದ್ದು ಅದನ್ನೇ, ಶೆಡ್ಡಿಲ್ಲ. ಮೂರು ದಿನದಿಂದ ಬಲಗೈಯಲ್ಲಿ ಚಕ್ರ ತಿರುಗಿಸುತ್ತ, ಎಡಗೈಯಲ್ಲಿ ಬಟ್ಟೆ ತಳ್ಳುತ್ತ ಹೊಲಿದಿದ್ದಳು. ಹಾಗೆ ಹೊಲಿದರೆ ಮಾರ್ಚಲ್ಲ, ಈಸ್ಟರ್ ಬಂದರೂ ಮುಗಿಯುತ್ತಿರಲಿಲ್ಲ. ಮೋಟರ್ ಇವತ್ತು ಸಂಜೆ ಕೈಗೆ ಬಂದರೆ ಮಾತ್ರ ಸರಿಹೋದೀತು.

ಅಷ್ಟರಲ್ಲಿ ಶೆಡ್ಡಿನ ಬೀಗ ಖಡಕ್ಕೆಂದಿತು. ಎಲ್ವಿಯೊ ತನ್ನ ಹೊಸ ಸೃಷ್ಟಿಯನ್ನು ಹೊರಗೆ ತಳ್ಳಿಕೊಂಡು ಬಂದ.

ಅದು ಕುರಿಮರಿ ಸುಡುವ ಯಂತ್ರ. ಉದ್ದಕ್ಕೆ ಸೀಳಿದ ಎಣ್ಣೆ ಪೀಪಾಯಿ, ಅದರ ಮೇಲೆ ಅಡ್ಡಲಾಗಿ ಸಲಾಕೆ, ಸಲಾಕೆಯ ಕೊನೆಗೆ ಸೈಕಲ್ ಚೈನು, ಚೈನಿಗೆ ಸೈಕಲ್ ಚಕ್ರ, ಚಕ್ರಕ್ಕೆ ಬೆಲ್ಟು, ಬೆಲ್ಟಿನ ಇನ್ನೊಂದು ತುದಿಯಲ್ಲಿ ಅವಳ ಮೋಟರ್. ಅವಳ ಯಂತ್ರದಲ್ಲಿದ್ದಾಗ ಒಂದು ನಾಣ್ಯದಿಂದ ತಿರುಪಿದರೆ ಬಿಚ್ಚುತ್ತಿದ್ದ ಆ ಮೋಟರನ್ನು ಈಗ ದಪ್ಪ ಕಬ್ಬಿಣದ ಪೆಟ್ಟಿಗೆಯೊಳಗೆ ಕೂರಿಸಿ, ಆಳದ ತೂತುಗಳಲ್ಲಿ ಸ್ಕ್ರೂ ಬಿಗಿದಿದ್ದ. ಉದ್ದದ ಸ್ಕ್ರೂಡ್ರೈವರ್ ಇಲ್ಲದೆ ಯಾರೂ ಮುಟ್ಟುವಂತಿಲ್ಲ. ಇನ್ನು ಪೀಪಾಯಿಯ ಒಳಮೈಗೆ, ಕೆಂಡ ಬೀಳುವಲ್ಲಿ, ಹೊಚ್ಚ ಹೊಸ ಜಿಂಕ್ ಶೀಟು ಹೊದಿಸಿದ್ದ. ಬಿಸಿಲಿಗೆ ಅದು ಕಣ್ಣು ಚುಚ್ಚುವಂತೆ ಹೊಳೆಯುತ್ತಿತ್ತು.

"ಆಸ್ಪತ್ರೆ ಥರ ಇದೆ, ಅಲ್ವಾ?" ಎಂದ ಎಲ್ವಿಯೊ ಎದೆ ಉಬ್ಬಿಸಿ.

"ಹೌದು," ಎಂದಳು ಒಡಿಲಾ ಸೊಪ್ಪಿನಿಂದ ತಲೆಯೆತ್ತದೆ. "ನಲ್ಲಿ ಇನ್ನೂ ಸೋರ್ತಾ ಇದೆ."

ಮಧ್ಯಾಹ್ನದ ಹೊತ್ತಿಗೆ ಗಂಡಸರು ಬಂದರು. ಐದಾರು ಮಂದಿ, ಒಬ್ಬೊಬ್ಬರ ಕಂಕುಳಲ್ಲೂ ಒಂದೊಂದು ವೈನ್ ಬಾಟಲಿ. ಮುಂದೆ ಬಂದವನು ದೆಲ್ಮೊ, ಲೇತ್ ಯಂತ್ರದ ಮುಂದೆ ನಿಂತೇ ಮುದುಕನಾದವನು. ಹಿಂದೆ ನಾರ್ದೊ, ಕಾರ್ಖಾನೆಯ ವೆಲ್ಡರ್. ನಾರ್ದೊನ ಅಂಗಿ ಜೇಬಿನಲ್ಲಿ ಯಾವಾಗಲೂ ಒಂದು ಉದ್ದನೆಯ ತೆಳು ಸ್ಕ್ರೂಡ್ರೈವರ್ ಇರುತ್ತಿತ್ತು, ಕೆಲವರ ಜೇಬಿನಲ್ಲಿ ಪೆನ್ನಿರುವಂತೆ. ಚರ್ಚಿಗೂ ಅದನ್ನಿಟ್ಟುಕೊಂಡೇ ಹೋಗುತ್ತಿದ್ದ. ಸತ್ತಾಗ ಪೆಟ್ಟಿಗೆಗೂ ಹಾಕಬೇಕು ಎಂದು ಹೆಂಡತಿಗೆ ಹೇಳಿದ್ದನಂತೆ.

"ಏನ್ರೀ ಇಂಜಿನಿಯರ್ರೇ, ಇದು ಕುರಿ ಸುಡೋದಾ, ಚಂದ್ರನ ಮೇಲೆ ಹೋಗೋದಾ?"

"ನಗ್ರೋ, ನಗಿ. ನೀವು ಕೈಯಲ್ಲಿ ಹೊರಳಿಸಿ ಹೊರಳಿಸಿ ಬೆವರು ಸುರಿಸ್ತೀರಲ್ಲ, ಅದು ಇವತ್ತಿಗೆ ಮುಗೀತು ಅಂದ್ಕೊಳಿ." ಎಲ್ವಿಯೊ ಪ್ಲಗ್ ಚುಚ್ಚಿದ. ಮೋಟರ್ ಗುಂಯ್ ಎಂದಿತು, ಚಕ್ರ ಸುತ್ತಿತು, ಸಲಾಕೆಯ ಮೇಲೆ ಕುರಿಮರಿ ಗಂಭೀರವಾಗಿ ಹೊರಳಿತು. ಗಂಡಸರು "ಓಹೋ" ಎಂದರು.

ದೆಲ್ಮೊ ಬಗ್ಗಿ ಪೀಪಾಯಿಯ ಒಳಮೈಯನ್ನು ಉಗುರಿನಿಂದ ತಟ್ಟಿದ. "ಶೀಟು ಹೊಸದಾ?"

"ಹೊಸದೇ! ಜಿಂಕು. ತುಕ್ಕಿನ ಮಾತೇ ಇಲ್ಲ."

"ಹೂಂ," ಎಂದ ದೆಲ್ಮೊ. ನಾರ್ದೊನ ಮುಖ ನೋಡಿದ. ನಾರ್ದೊ ಆಕಾಶ ನೋಡಿದ.

ಆ ಊರಿನಲ್ಲಿ ಇನ್ನೊಬ್ಬನ ಬೆಂಕಿಯ ಬಳಿ ನಿಂತು ಬಾಯಿ ಹಾಕುವುದು ಇನ್ನೊಬ್ಬನ ಹೆಂಡತಿಯ ಕೈ ಹಿಡಿದಷ್ಟೇ ದೊಡ್ಡ ತಪ್ಪು. ಮಾಂಸ ಕರಿಕಲಾಗಲಿ, ಹಸಿಯಿರಲಿ, ಸುಟ್ಟವನಿಗೆ ಕೊನೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಲೇಬೇಕು. ಆಮೇಲೆ ಮನೆಗೆ ಹೋಗುವ ದಾರಿಯಲ್ಲಿ ಏನು ಬೇಕಾದರೂ ಆಡಿಕೊಳ್ಳಬಹುದು. ಇದನ್ನು ಅವರು ಮರ್ಯಾದೆ ಎನ್ನುತ್ತಾರೆ.

ಕೆಂಡ ಬಿದ್ದು ಸ್ವಲ್ಪ ಹೊತ್ತಿಗೆ ಶೀಟಿನ ಹೊಳಪು ಮಂಕಾಯಿತು. ಅದರ ಮೇಲಿಂದ ಒಂದು ಬಗೆಯ ದಟ್ಟ ಬಿಳಿ ಹೊಗೆ ಎದ್ದಿತು. ಸೌದೆಯ ಹೊಗೆ ನೀಲಿ, ಕೊಬ್ಬಿನ ಹೊಗೆ ಬೂದು. ಇದು ಎರಡೂ ಅಲ್ಲ. ಹೊಗೆ ತಾಗಿದ ಕಡೆ ಕುರಿಮರಿಯ ಪಕ್ಕೆಯ ಮೇಲೆ ಹಿಟ್ಟು ಉದುರಿಸಿದಂತೆ ಬಿಳಿ ಪುಡಿ ಕೂರತೊಡಗಿತು. ಒಣಗಿದ್ದ ಅಂಗಿಗಳನ್ನು ತಂತಿಯಿಂದ ತೆಗೆಯುತ್ತಿದ್ದ ಜುಲ್ಮಾ ನಿಂತು ನೋಡಿದಳು. ಅವಳಿಗೆ ಈ ಪುಡಿ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಜಿಂಕ್ ಶೀಟಿಗೆ ವೆಲ್ಡ್ ಮಾಡಿದ ದಿನ ರಾತ್ರಿ ಗಂಡಸರು ಜ್ವರದಲ್ಲಿ ನಡುಗುವುದನ್ನು ಕಾಣದ ಹೆಂಗಸು ಆ ಬೀದಿಯಲ್ಲಿರಲಿಲ್ಲ. ಗೊತ್ತಿಲ್ಲದವನು ರಶೀದಿಗೆ ಮುದ್ರೆ ಒತ್ತುವವನೊಬ್ಬನೇ.

ಅವಳು ಅಂಗಿಗಳನ್ನು ಒಳಗಿಟ್ಟು ಅವನ ಹತ್ತಿರ ಹೋದಳು. "ಭಾವ, ಶೀಟಿನಿಂದ ಬಿಳಿ ಹೊಗೆ ಬರ್ತಿದೆ."

"ಕೊಬ್ಬು ಕರಗ್ತಿದೆ ಕಣೆ."

"ಕೊಬ್ಬಿನದಲ್ಲ. ಜಿಂಕು..."

"ಕೇಳಿದ್ರೇನ್ರೋ? ಅಂಗಿ ಹೊಲಿಯೋ ಹುಡುಗಿ ನಂಗೆ ಜಿಂಕಿನ ಪಾಠ ಹೇಳ್ತಿದ್ದಾಳೆ!" ಎಲ್ವಿಯೊ ಸುತ್ತ ನೋಡಿ ನಕ್ಕ. ಗಂಡಸರೂ ನಕ್ಕರು. ನಾರ್ದೊ ಕೂಡ ನಕ್ಕ, ಹೊಗೆ ಬರದ ಕಡೆಗೆ ಎರಡು ಹೆಜ್ಜೆ ಸರಿದು ನಿಂತುಕೊಂಡು. "ಹೋಗು ಪುಟ್ಟಿ, ಬ್ರೆಡ್ಡು ಕೊಯ್ಯಿ."

ಅವಳು ಬ್ರೆಡ್ಡು ಕೊಯ್ಯುತ್ತಿದ್ದಾಗ ದೆಲ್ಮೊ ಅಡಿಗೆಮನೆಯ ಬಾಗಿಲಿಗೆ ಬಂದು ಕೆಮ್ಮಿದ.

"ಮಗಳೇ, ಒಂದು ಲೋಟ ಹಾಲು ಇದೆಯಾ?"

"ಹಾಲಾ?"

"ಹೊಟ್ಟೆ ಯಾಕೋ ಸ್ವಲ್ಪ..."

ಹೊಟ್ಟೆಯಂತೆ. ಜಿಂಕ್ ಹೊಗೆ ಕುಡಿದವರು ಹಾಲು ಕುಡಿಯುತ್ತಾರೆ. ಅದರಿಂದ ಏನಾದರೂ ಆಗುತ್ತದೋ ಇಲ್ಲವೋ ಯಾರೂ ಕಂಡಿಲ್ಲ, ಆದರೆ ಕುಡಿಯುತ್ತಾರೆ. ಭಾನುವಾರದ ಅಸಾದೊಗೆ, ಸುಟ್ಟ ಮಾಂಸದ ಊಟಕ್ಕೆ, ವೈನ್ ಹಿಡಿದುಕೊಂಡು ಬಂದ ಮುದುಕ ಹಾಲು ಬೇಡುತ್ತಿದ್ದಾನೆ ಎಂದರೆ ಬೇರೆ ಏನು ಹೇಳಬೇಕು? ಜುಲ್ಮಾ ಹಾಲು ಬಗ್ಗಿಸಿ ಕೊಟ್ಟಳು.

"ದೆಲ್ಮೊ ಮಾಮ, ನೀವೇ ಹೇಳಬಾರದಾ? ನಿಮ್ಮ ಮಾತು ಕೇಳ್ತಾರೆ."

"ಅವನ ಬೆಂಕಿ, ಅವನ ಕುರಿ. ಬೇಜಾರು ಮಾಡ್ಕೋತಾನೆ ಪಾಪ."

"ಮತ್ತೆ ತಿಂದ್ರೆ?"

"ತಿನ್ನೋದು ಯಾರು? ತಿಂದ ಹಾಗೆ ಮಾಡ್ತೀವಿ ಅಷ್ಟೆ." ಮೀಸೆಗೆ ಅಂಟಿದ ಹಾಲನ್ನು ಒರೆಸಿಕೊಂಡು, ಎಂಥದೋ ದೊಡ್ಡ ಉಪಕಾರ ಮಾಡಿದವನಂತೆ ಅವಳ ತಲೆ ಸವರಿ ಹೋದ.

ಅವನು ಹೋದ ಮೇಲೆ ನಾರ್ದೊ ಬಂದ. "ಹಾಲು..." ಎಂದ. ಅವನ ಹಿಂದೆ ಇನ್ನೊಬ್ಬ. ಜುಲ್ಮಾ ಅವರಿಬ್ಬರಿಗೂ ಬಗ್ಗಿಸಿ ಕೊಟ್ಟಳು. ಕರುಗಳಿಗೆ ಬಾನಿಯಲ್ಲಿ ಹುಯ್ಯುವುದು ಇದಕ್ಕಿಂತ ಗೌರವದ ಕೆಲಸ ಎನ್ನಿಸಿತು. ಕರು ಕುಡಿದು ಹೋಗಿ ಸುಳ್ಳು ಹೇಳುವುದಿಲ್ಲ.

ಊಟಕ್ಕೆ ಕೂತರು. ಎಲ್ವಿಯೊ ಉದ್ದನೆಯ ಚಾಕು ಹಿಡಿದು ಒಬ್ಬೊಬ್ಬರ ತಟ್ಟೆಗೂ ಪಕ್ಕೆಯ ತುಂಡು ಹಾಕಿದ. ಗಂಡಸರು "ಆಹಾ" ಎನ್ನುತ್ತ ಫೋರ್ಕು ಚುಚ್ಚಿದರು. ಜುಲ್ಮಾ ಅವರ ಕೈಗಳನ್ನು ನೋಡುತ್ತಿದ್ದಳು. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಿನಿಂದ ಮುಟ್ಟಿ ಹೇಳುವ ಕೈಗಳು. ಅವೆಲ್ಲ ಈಗ ಮಾಂಸವನ್ನು ಸೊಪ್ಪಿನ ಕೆಳಗೆ ಹೂಳುತ್ತಿದ್ದವು. ದೆಲ್ಮೊ ಬರಿ ಬ್ರೆಡ್ಡು ಜಗಿಯುತ್ತ ಕಣ್ಣು ಮುಚ್ಚಿ ತಲೆದೂಗಿದ. ನಾರ್ದೊ ಒಂದು ತುಂಡನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಪ್ಯಾಂಟಿನ ಜೇಬಿಗಿಳಿಸಿದ. ಹೊಟ್ಟೆ ತುಂಬ ತಿಂದವನು ಎಲ್ವಿಯೊ ಒಬ್ಬನೇ.

ಒಡಿಲಾ ಫೋರ್ಕು ಎತ್ತುತ್ತಿದ್ದಂತೆ ಜುಲ್ಮಾ ಅವಳ ತಟ್ಟೆಯನ್ನು ಎಳೆದುಕೊಂಡಳು.

"ತಿನ್ನಬೇಡ ಅಕ್ಕ. ಜಿಂಕು ಕೂತಿದೆ."

"ಬಿಡೆ," ಎಂದಳು ಒಡಿಲಾ ಮೆಲ್ಲಗೆ. "ಈ ಮನೇಲಿ ಇದಕ್ಕಿಂತ ಕೆಟ್ಟದ್ದು ನುಂಗಿದ್ದೀನಿ." ಆದರೆ ತಟ್ಟೆಯನ್ನು ವಾಪಸ್ ಕೇಳಲಿಲ್ಲ.

ದೆಲ್ಮೊ ಎದ್ದು ನಿಂತ. "ಸುಟ್ಟವನಿಗೆ ಒಂದು ಚಪ್ಪಾಳೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಜೋರಾಗಿ, ಮನಸಾರೆ, ಹಾಲು ಕುಡಿದ ಮೂವರು ಎಲ್ಲರಿಗಿಂತ ಜೋರಾಗಿ. ಎಲ್ವಿಯೊನ ಕಣ್ಣಲ್ಲಿ ನೀರೇ ಬಂತು. ಅವನು ಇಷ್ಟು ವರ್ಷ ಕಾದದ್ದು ಇದಕ್ಕೇ. ಕಬ್ಬಿಣ ಬಲ್ಲವರು ಅವನ ಕಬ್ಬಿಣಕ್ಕೆ ಚಪ್ಪಾಳೆ ತಟ್ಟುವುದಕ್ಕೆ. ಆ ಗಳಿಗೆಯಲ್ಲಿ ಜುಲ್ಮಾಗೆ ಅವನ ಮೇಲೆ ಕನಿಕರ ಬರಬೇಕಿತ್ತೇನೋ. ಬರಲಿಲ್ಲ. ಅವಳ ಕಿವಿ ಬೇರೆ ಕಡೆ ಇತ್ತು.

ಮೋಟರಿನ ದನಿ ಬದಲಾಗಿತ್ತು.

ಕುರಿಮರಿಯನ್ನು ಇಳಿಸಿಯಾಗಿತ್ತು, ಬರಿ ಸಲಾಕೆ ಕೆಂಡದ ಮೇಲೆ ಸುಮ್ಮನೆ ಸುತ್ತುತ್ತಿತ್ತು. ಹೊಲಿಯುವಾಗ ಆ ಮೋಟರ್ ಒಂದು ಗೆರೆ ಓಡಿ, ನಿಂತು, ಉಸಿರು ತೆಗೆದುಕೊಂಡು, ಮತ್ತೆ ಓಡುತ್ತಿತ್ತು. ಮಧ್ಯಾಹ್ನದಿಂದ ಅದಕ್ಕೆ ಒಂದು ಉಸಿರೂ ಸಿಕ್ಕಿರಲಿಲ್ಲ, ಮೇಲೆ ಕೆಂಡದ ಕಾವು ಬೇರೆ. ಗುಂಯ್ ಎನ್ನುತ್ತಿದ್ದದ್ದು ಈಗ ಹಲ್ಲು ಕಚ್ಚಿ ನರಳುತ್ತಿತ್ತು. ಸುಟ್ಟ ವಾರ್ನಿಷಿನ ವಾಸನೆ ಮಾಂಸದ ವಾಸನೆಯನ್ನು ಸೀಳಿಕೊಂಡು ಬಂತು. ಅಲ್ಲಿದ್ದ ಒಬ್ಬೊಬ್ಬರ ಮೂಗಿಗೂ ಅದು ಮುಟ್ಟಿತು. ದೆಲ್ಮೊನ ಮೂಗಿನ ಹೊಳ್ಳೆ ಅರಳಿದ್ದನ್ನು ಅವಳು ಕಂಡಳು.

"ಭಾವ, ಮೋಟರ್ ನಿಲ್ಲಿಸಿ. ಸುಡ್ತಿದೆ."

"ನಿಲ್ಲಿಸೋ ಮಾತೇ ಇಲ್ಲ!" ಎಲ್ವಿಯೊ ವೈನ್ ಎತ್ತಿದ. "ಸಂಜೆವರೆಗೂ ಓಡುತ್ತೆ ಅಂತ ಇವರಿಗೆ ಹೇಳಿದ್ದೀನಿ. ಓಡ್ಲಿ, ನೋಡ್ಲಿ. ಏನ್ ನಾರ್ದೊ, ಓಡುತ್ತೋ ಇಲ್ವೋ?"

"ಓಡುತ್ತೆ, ಓಡುತ್ತೆ," ಎಂದ ನಾರ್ದೊ ತಟ್ಟೆಯತ್ತ ಮುಖ ಬಗ್ಗಿಸಿ.

ಜುಲ್ಮಾ ಗೋಡೆಯವರೆಗೆ ನಡೆದು ಪ್ಲಗ್ ಕಿತ್ತಳು.

ಸಲಾಕೆ ಅರ್ಧ ಸುತ್ತು ತಿರುಗಿ ನಿಂತಿತು. ಅಂಗಳ ಥಟ್ಟನೆ ಎಷ್ಟು ನಿಶ್ಶಬ್ದವಾಯಿತೆಂದರೆ ಅಡಿಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಎಲ್ವಿಯೊನ ಬಾಯಿ ತೆರೆದಿತ್ತು. ಮುಖಕ್ಕೆ ಬೂದು ಬಣ್ಣ ಬಂದಿತ್ತು. ಸಿಟ್ಟಿಗೋ ಜಿಂಕಿಗೋ ಹೇಳುವಂತಿರಲಿಲ್ಲ.

ಅವಳು ಪೆಟ್ಟಿಗೆಯ ಪಕ್ಕ ಮಂಡಿಯೂರಿ ಅಂಗೈ ಚಾಚಿದಳು. ಮುಟ್ಟುವ ಮೊದಲೇ ಕಾವು ತಾಗಿತು. ಒಳಗೆ ಮೋಟರ್ ಟಿಕ್ ಟಿಕ್ ಎನ್ನುತ್ತಿತ್ತು. ಆ ಬಿಸಿ ಪೆಟ್ಟಿಗೆಯಿಂದ ಈಗಲೇ ಹೊರಗೆ ತೆಗೆದು ಗಾಳಿಗಿಟ್ಟರೆ ಉಳಿಯಬಹುದು. ಅಲ್ಲೇ ಬಿಟ್ಟರೆ ಒಳಗಿನ ತಂತಿ ಸುತ್ತಿನ ವಾರ್ನಿಷು ಕರಗಿ ಅಂಟಿಕೊಳ್ಳುತ್ತದೆ. ಮೋಟರಿಲ್ಲ, ಅಂಗಿಯಿಲ್ಲ, ಕಿಟಕಿಯ ಕೋಣೆಯೂ ಇಲ್ಲ. ಬ್ರೆಡ್ಡಿನ ಚಾಕುವಿನ ತುದಿಯನ್ನು ತೂತಿಗೆ ಇಳಿಸಿ ನೋಡಿದಳು. ಸ್ಕ್ರೂವಿನ ತಲೆಯವರೆಗೆ ಅದು ಮುಟ್ಟಲಿಲ್ಲ.

ಶೆಡ್ಡಿನಲ್ಲಿ ಸ್ಕ್ರೂಡ್ರೈವರುಗಳು ಕೆಂಪು ಗೆರೆಯೊಳಗೆ ಸಾಲಾಗಿ ತೂಗುತ್ತಿದ್ದವು, ಗಿಡ್ಡದಿಂದ ಉದ್ದದವರೆಗೆ. ಬೀಗದಕೈ ಎಲ್ವಿಯೊನ ಸೊಂಟದಲ್ಲಿತ್ತು. ಅವನು ಅದರ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

ಅವಳು ಗಂಡಸರ ಕಡೆ ತಿರುಗಿದಳು. ಇಡೀ ಊರಿನ ಲೇತು, ವೆಲ್ಡಿಂಗು, ಡ್ರಿಲ್ಲು ಆ ಮೇಜಿನ ಸುತ್ತ ಕೂತಿತ್ತು. ಅವಳಿಗೆ ಬೇಕಾದ್ದು ಏನೆಂದು ಪ್ರತಿಯೊಬ್ಬನಿಗೂ ತಿಳಿದಿತ್ತು. ಕೊಟ್ಟರೆ ಚಪ್ಪಾಳೆ ಸುಳ್ಳಾಗುತ್ತದೆ ಎನ್ನುವುದೂ ತಿಳಿದಿತ್ತು. ದೆಲ್ಮೊ ಬ್ರೆಡ್ಡಿನ ಚೂರುಗಳನ್ನು ಬೆರಳಿನಿಂದ ಒಟ್ಟುಮಾಡುತ್ತಿದ್ದ. ನಾರ್ದೊ ನಿಧಾನವಾಗಿ ಅಂಗೈಯನ್ನು ಎದೆಯ ಮೇಲೆ, ಜೇಬಿನ ಮೇಲೆ ಇಟ್ಟುಕೊಂಡ, ರಾಷ್ಟ್ರಗೀತೆಗೆ ನಿಂತವರಂತೆ.

"ನಾರ್ದೊ ಮಾಮ," ಎಂದಳು ಜುಲ್ಮಾ. "ಆ ಸ್ಕ್ರೂಡ್ರೈವರ್ ಕೊಡಿ."